ಉಕ್ಕಿನ ಬೆರಳು

ಎಂವಿಪಿ ಕಾಲೋನಿ, ವಿಶಾಖಪಟ್ಟಣ
11 ಜೂನ್ 2023

ಚಿ. ಕೃಪಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಮೊದಲ ಸಾಲಿಗೇ ಪೆನ್ನು ನಿಂತಿತು. ‘ಚಿ. ಸೌ.’ ಎಂದು ಬರೆದು ರೂಢಿಯಾದ ಕೈ. ಬರೆಯಲು ಆಗಲಿಲ್ಲ, ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಬಿಟ್ಟೆ. ನಿನಗೆ ನೋವಾದರೆ ಬೈದು ಬರೆ, ನಾನು ಬೈಗುಳ ಓದಿ ಬಹಳ ದಿನವಾಯಿತು.

ಈ ಕಾಲದಲ್ಲಿ ಕಾಗದ ಯಾಕೆ ಎನ್ನುತ್ತೀಯೇನೋ. ಮೂವತ್ತು ವರ್ಷ ನೌಕಾಪಡೆಯ ಇಂಜಿನ್ ರೂಮಿನಲ್ಲಿ ಬೆಂದ ಕಿವಿ ಇದು, ಫೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೆರೆ ಬಂತೇ ಎಂದು ಕಾಯುತ್ತಾ ಕೂರಬೇಕು. ಕಾಗದವಾದರೆ ಇನ್ನೂ ಸಿಕ್ಕಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳಬಹುದು.

ಮಗ ಪೃಥ್ವಿಯನ್ನು ಸಮುದ್ರ ಒಯ್ದು ಆರು ತಿಂಗಳಾಯಿತು. ಮೊನ್ನೆ ಧೈರ್ಯ ಮಾಡಿ ಪಾರ್ಕಿಂಗಿನ ಮೂಲೆಯಲ್ಲಿರುವ ಅವನ ಶೆಡ್ಡಿನ ಬೀಗ ತೆಗೆದೆ. ಲೇತಿನ ಹಿಂದೆ ಅರ್ಧಂಬರ್ಧ ಕಟ್ಟಿದ ಏನೋ ಒಂದು ನಿಂತಿತ್ತು. ಅಡ್ಡಕ್ಕೆ ಎರಡು ನೀರಿನ ಪೈಪು, ಅವುಗಳ ಮೇಲೆ ಅತ್ತಿತ್ತ ಜಾರುವ ಒಂದು ಹಲಗೆ. ಹಲಗೆಯ ಮುಂದೆ ಉಳಿ ಕೂರಿಸುವ ಜಾಗ, ಕೆಳಗೆ ಮೊಂಡು ತುದಿಯ ಒಂದು ಉಕ್ಕಿನ ಸಲಾಕೆ. ಬಹಳ ಹೊತ್ತು ನೋಡಿದ ಮೇಲೆ ಅವನ ಲೆಕ್ಕ ಹೊಳೆಯಿತು. ಮಾದರಿಗೆಂದು ಒಂದು ಮರದ ಮೀನನ್ನು ಕೆಳಗೆ ಅಲುಗದಂತೆ ಬಿಗಿಯಬೇಕು. ಆ ಉಕ್ಕಿನ ಬೆರಳು ಅದರ ಮೈಯನ್ನು ತಲೆಯಿಂದ ಬಾಲದವರೆಗೆ ಸವರುತ್ತಾ ಹೋಗುತ್ತದೆ. ಅದು ಹೋದ ಹಾಗೆ ಉಳಿಯೂ ಹೋಗುತ್ತದೆ, ಲೇತಿನಲ್ಲಿ ತಿರುಗುವ ಮರದಲ್ಲಿ ಅದೇ ಉಬ್ಬು, ಅದೇ ತಗ್ಗು ಏಳುತ್ತದೆ. ದೊಡ್ಡ ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಮರದ ಮೀನನ್ನು ಒಂದೊಂದಾಗಿ ಕಡೆದು ಅವನ ಕೈ ಸೋತಿತ್ತಲ್ಲ, ಅದಕ್ಕೆ ಈ ಉಪಾಯ.

ಮೋಟರು ತಿರುಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ತುದಿಯನ್ನು ಬೇರಿಂಗಿಗೆ ಇಟ್ಟು ನೋಡಿದೆ. ಹಡಗಿನಲ್ಲಿ ಕಿವಿ ಕೆಟ್ಟ ಮೇಲೆ ಕಲಿತ ವಿದ್ಯೆ ಇದು. ಕೇಳಿಸುವುದಿಲ್ಲ, ಹಲ್ಲಿಗೆ ತಿಳಿಯುತ್ತದೆ. ಬೇರಿಂಗು ಸವೆದಿದೆ, ಬದಲಿಸುತ್ತೇನೆ.

ನಾನು ಇದನ್ನು ಪೂರ್ತಿ ಮಾಡಬೇಕೆಂದಿದ್ದೇನೆ. ಡಿಸೆಂಬರಿನಲ್ಲಿ ವರ್ಷಾಂತಿಕ. ದೋಣಿ ಹಾಕಿ ಅವನನ್ನು ಹುಡುಕಿದ ಜಗನ್ಮೋಹನ್ ಮತ್ತು ಅವನ ಗೆಳೆಯರಿಗೆ ಪೃಥ್ವಿಯ ಮೀನು ಒಂದೊಂದು ಕೊಡಬೇಕು. ಅವನು ಮಾಡಿದವೆಲ್ಲ ಯಾರ ಯಾರ ಗಾಳದಲ್ಲೋ ಹೋದವು. ಉಳಿದಿರುವುದು ನಿನ್ನ ಬಳಿ ಇರುವ ನೀಲಿ ಬೆನ್ನಿನದು ಒಂದೇ. ಮಾದರಿಗೆ ಅದನ್ನು ಕಳುಹಿಸಿಕೊಡುತ್ತೀಯಾ?

ನಿನ್ನ ಮಾವ,
ಉಮಾಶಂಕರ


ವಿಜಯವಾಡ
2 ಜುಲೈ 2023

ತೀರ್ಥರೂಪ ಸಮಾನರಾದ ಮಾವನವರಿಗೆ ಕೃಪಾಳ ನಮಸ್ಕಾರಗಳು.

ಕಾಗದ ತಲುಪಿದೆ. ‘ಸೌ’ ಬಿಟ್ಟದ್ದು ಕಣ್ಣಿಗೆ ಬಿತ್ತು. ಬೈಯುವುದಿಲ್ಲ. ಆದರೆ ಅದನ್ನು ಬಿಡಬೇಕೆನ್ನಲು ನನಗೆ ಯಾರೂ ಇನ್ನೂ ಸಾಕ್ಷಿ ತೋರಿಸಿಲ್ಲ. ಸಮುದ್ರವೂ ತೋರಿಸಿಲ್ಲ.

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಅಲ್ಲಿ ದ್ವಾರಕಾ ನಗರದ ಬ್ಯಾಂಕ್ ಬ್ರಾಂಚಿನಲ್ಲಿ ಜನ ನನ್ನನ್ನು ನೋಡಿದ ಕೂಡಲೇ ದನಿ ತಗ್ಗಿಸುತ್ತಿದ್ದರು. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಗಟ್ಟಿಯಾಗಿ ಜಗಳವಾಡುತ್ತಾರೆ. ಟ್ರಾನ್ಸ್‌ಫರ್ ಕೇಳಿ ಬಂದದ್ದು ಒಳ್ಳೆಯದಾಯಿತು.

ಮೀನನ್ನು ಕಳುಹಿಸಲಾರೆ, ಮಾವ. ಅದು ನನ್ನ ಕೈಚೀಲದಲ್ಲಿ ಇರುತ್ತದೆ. ಬಸ್ಸು ಗುಂಡಿಗೆ ಇಳಿದಾಗ ಅದರ ಹೊಟ್ಟೆಯೊಳಗೆ ಅವರು ಹಾಕಿದ ಸೈಕಲ್ ಗುಂಡುಗಳು ಟಿಕ್ ಟಿಕ್ ಎನ್ನುತ್ತವೆ. ಆ ಸದ್ದಿಗೆ ದೊಡ್ಡ ಮೀನು ಓಡಿ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ನಿಮಗೆ ಅದು ಕೇಳಿಸಿರಲಾರದು. ನನಗೆ ಈಗ ಅದೊಂದೇ ಕೇಳಿಸುವುದು.

ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಅವರು ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಿ.

ಇತಿ,
ಕೃಪಾ


ವಿಶಾಖಪಟ್ಟಣ
20 ಆಗಸ್ಟ್ 2023

ಚಿ. ಕೃಪಾಳಿಗೆ ಆಶೀರ್ವಾದಗಳು.

ಸಿಟ್ಟಾಗಲಿಲ್ಲ. ಸಿಟ್ಟಾಗುವ ಹಕ್ಕು ಈ ಮನೆಯಲ್ಲಿ ಈಗ ನಿನಗೆ ಮತ್ತು ನಿನ್ನ ಅತ್ತೆಗೆ ಮಾತ್ರ ಇರುವುದು.

ಮಶೀನಿನ ಸುದ್ದಿ ಹೇಳುತ್ತೇನೆ, ಬೇಕಾದರೆ ಓದು. ಬೇರಿಂಗು ಬದಲಿಸಿದೆ. ಏಟಿಕೊಪ್ಪಾಕಕ್ಕೆ ಹೋಗಿ ಆಟಿಕೆ ಕಡೆಯುವವರ ಹತ್ತಿರ ಮರ ತಂದೆ. ಇಲ್ಲಿಯವರು ಅಂಕುಡು ಎನ್ನುವುದು ನಮ್ಮ ಹಾಲೆ ಮರವೇ. ಪೃಥ್ವಿಯೂ ಅದನ್ನೇ ತರುತ್ತಿದ್ದ. ಮೊದಲ ದಿನ ಮಾದರಿಯ ಜಾಗದಲ್ಲಿ ಅಡುಗೆಮನೆಯ ಲಟ್ಟಣಿಗೆಯನ್ನು ಬಿಗಿದು ನೋಡಿದೆ. ಹುಟ್ಟಿದ ಮರಿ ಲಟ್ಟಣಿಗೆ ಹೊಟ್ಟೆಯ ಕಡೆ ದಪ್ಪವಾಗಿತ್ತು. ಬೆರಳಿನ ತುದಿ, ಉಳಿಯ ತುದಿ ಎರಡೂ ಒಂದೇ ಸಮ ದುಂಡಗಿರಬೇಕು, ಇಲ್ಲದಿದ್ದರೆ ಒಂದು ನೋಡಿದ್ದನ್ನು ಇನ್ನೊಂದು ತಪ್ಪಾಗಿ ಹೇಳುತ್ತದೆ. ಬೆರಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸರಿ ಮಾಡಿದೆ.

ನಿನ್ನ ಅತ್ತೆ ಲಟ್ಟಣಿಗೆ ಹುಡುಕಿಕೊಂಡು ಕೆಳಗೆ ಬಂದಳು. ಮನೆಯಿಂದ ಇಳಿದು ಬಂದದ್ದೇ ದೊಡ್ಡದು. “ಎಂತಕ್ಕೆ ಈ ಕಬ್ಬಿಣದ ಮೇಲೆ ಜೀವ ಇಟ್ಕಂಡು ಕೂತೀರಿ? ಅವ್ನೇನು ಇದ್ರೊಳಗಿಂದ ಎದ್ದು ಬತ್ನಾ?” ಎಂದಳು. ತುಟಿ ನೋಡಿಯೇ ತಿಳಿದುಕೊಂಡೆ. ಇಲ್ಲ ಎಂದೆ. ಆದರೂ ಹೋಗಲಿಲ್ಲ, ಸ್ಟೂಲಿನ ಮೇಲೆ ಕುಳಿತು ಹೊಟ್ಟು ಉದುರುವುದನ್ನು ನೋಡಿದಳು. ಡಿಸೆಂಬರಿನಿಂದ ಆಕೆ ಮನೆಯಲ್ಲಿ ಮೀನು ಬೇಯಿಸಿಲ್ಲ. ಅಂಕೋಲೆಯ ಹೆಂಗಸಿಗೆ ಅದು ಎಂಥ ವ್ರತ ಎಂದು ನಿನಗೆ ಗೊತ್ತು.

ಅದಕ್ಕೇ ಇನ್ನೊಂದು ಸಲ ಕೇಳುತ್ತಿದ್ದೇನೆ. ಆಮೇಲೆ ಕೇಳುವುದಿಲ್ಲ. ಅವನ ಕೈಯಿಂದ ಬಂದ ಆಕಾರ ಮತ್ತೆ ನೀರಿನ ಮೇಲೆ ಓಡುವುದನ್ನು ಆಕೆಗೆ ಒಮ್ಮೆ ತೋರಿಸಬೇಕು. ಮೀನನ್ನು ವಾಪಸು ಕಳುಹಿಸುತ್ತೇನೆ.

ನಿನ್ನ ಮಾವ,
ಉಮಾಶಂಕರ


ವಿಜಯವಾಡ
16 ಸೆಪ್ಟೆಂಬರ್ 2023

ಮಾವನವರಿಗೆ ನಮಸ್ಕಾರಗಳು.

ಇದರ ಜೊತೆಗೆ ಮೀನು ಇದೆ. ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ.

ಕೆಲಸ ಮುಗಿದ ಕೂಡಲೇ ಕಳುಹಿಸಿ. ಮುಟ್ಟುವಾಗ ಹುಷಾರು.

ಕೃಪಾ


ವಿಶಾಖಪಟ್ಟಣ
8 ಅಕ್ಟೋಬರ್ 2023

ಚಿ. ಕೃಪಾಳಿಗೆ ಆಶೀರ್ವಾದಗಳು.

ಡಬ್ಬಿ ಸುರಕ್ಷಿತವಾಗಿ ಬಂತು. ಅತ್ತೆಗೆ ತೋರಿಸಿದೆ. ಆಕೆ ಸೆರಗಿನಿಂದ ಒರೆಸಿ ದೇವರ ಮುಂದೆ ಇಟ್ಟಳು. ಎರಡು ದಿನ ಅಲ್ಲಿಯೇ ಇತ್ತು, ಮೂರನೆಯ ದಿನ ನಾನೇ ಕೇಳಿ ತೆಗೆದುಕೊಂಡೆ.

ಮಶೀನು ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲನೆಯ ಮೀನಿನ ಬಾಲ ಮುರಿಯಿತು, ಎರಡನೆಯದು ಸೊಟ್ಟ. ಆಮೇಲಿನವು ಒಂದರ ಹಾಗೆ ಒಂದು ಬಂದವು. ಜಗನ್ಮೋಹನ್ ಬಂದು ನೋಡಿ ನನ್ನ ಅಂಗೈ ಮೇಲೆ ಬೆರಳಿನಿಂದ ‘ಸೂಪರ್ ಅಂಡಿ’ ಎಂದು ಬರೆದ. ಕಿವುಡನಿಗೂ ಮರ್ಯಾದೆಯ ಅಂಡಿ ಬಿಡದ ಊರು ಇದು.

ಒಂದು ವಿಷಯ ತಿಳಿಸಬೇಕು. ನೀನು ಕಳುಹಿಸಿದ ಮೀನು ಹಾಳಾಯಿತು. ಉಕ್ಕಿನ ಬೆರಳು ಒತ್ತಿ ಒತ್ತಿ ಅದರ ಹೊಟ್ಟೆಯಲ್ಲಿ ಗೀರು ಬಿತ್ತು, ಬಣ್ಣ ಎದ್ದಿತು, ಕೊನೆಗೆ ಮೂತಿ ಹಾರಿಹೋಯಿತು. ಕಿವಿ ಇದ್ದವನಿಗಾದರೆ ಕಿರುಗುಟ್ಟಿದ್ದು ಕೇಳಿಸುತ್ತಿತ್ತು, ನಿಲ್ಲಿಸುತ್ತಿದ್ದ. ಕಳುಹಿಸಲು ಯೋಗ್ಯವಾಗಿ ಉಳಿದಿಲ್ಲ. ಅದಕ್ಕಾಗಿ ನೀನು ಕೊರಗಬೇಡ. ಹೊಸದು ಒಂದಕ್ಕೆ ನೀಲಿ ಬಣ್ಣ ಹಚ್ಚಿ ಕಳುಹಿಸುತ್ತೇನೆ.

ಇಲ್ಲಿ ಮಳೆ ನಿಂತಿದೆ. ನವರಾತ್ರಿಗೆ ಬರುತ್ತೀಯಾ ಎಂದು ಅತ್ತೆ ಕೇಳುತ್ತಾಳೆ.

ನಿನ್ನ ಮಾವ,
ಉಮಾಶಂಕರ


ವಿಜಯವಾಡ
15 ಅಕ್ಟೋಬರ್ 2023

ಮಾವನವರಿಗೆ,

ನಿಮ್ಮ ಕಾಗದವನ್ನು ಬ್ಯಾಂಕಿನಲ್ಲಿಯೇ ಒಡೆದು ಓದಿದೆ. ಕೌಂಟರಿನಿಂದ ಎದ್ದು ಹೋಗಬೇಕಾಯಿತು. ‘ಹಾಳಾಯಿತು.’ ಒಂದು ಬಲ್ಬು ಹೋಯಿತು ಎಂದು ಬರೆದ ಹಾಗೆ ಬರೆದಿದ್ದೀರಿ. ಬಣ್ಣ ಹಚ್ಚಿ ಹೊಸದು ಕಳುಹಿಸುತ್ತೀರಂತೆ. ನವರಾತ್ರಿಗೆ ಕರೆಯುತ್ತೀರಿ.

ಹಾಗಾದರೆ ಕೇಳಿ. ಅದು ಅವರ ಮೀನಲ್ಲ.

ನಮ್ಮ ಬ್ರಾಂಚಿಗೆ ಕೊಂಡಪಲ್ಲಿಯ ಸಾಯಿಲಕ್ಷ್ಮಿ ಎನ್ನುವವರು ಬರುತ್ತಾರೆ, ಗೊಂಬೆ ಮಾಡುವ ಮನೆಯವರು. ಮೀನನ್ನು ಅವರ ಮನೆಗೆ ಒಯ್ದು ಎದುರಿಗೆ ಕುಳಿತು ಅದರಂಥದ್ದೇ ಇನ್ನೊಂದು ಮಾಡಿಸಿದೆ. ಅವರ ಯಜಮಾನರು ಪೊಣಿಕಿ ಮರದಲ್ಲಿ ಕೆತ್ತಿದರು, ಆಕೆ ಬಣ್ಣ ಹಾಕಿದರು. ತೂಕಕ್ಕೆ ಒಂದು ಚೂರು ಸೀಸ ಕೂರಿಸಿದರು. ಒಳಗೆ ಗುಂಡು ಹಾಕಬೇಕೇ ಅಮ್ಮಾ ಎಂದು ಕೇಳಿದರು. ಬೇಡ, ನೋಡುವವರಿಗೆ ಕಿವಿ ಕೇಳುವುದಿಲ್ಲ ಎಂದೆ. ಹಾಗೆಯೇ ಹೇಳಿದೆ. ಈಗ ಮುಚ್ಚಿಟ್ಟು ಏನಾಗಬೇಕಿದೆ?

ಕಳುಹಿಸಿದ ಮೇಲೆ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಮೋಸ ಮಾಡಿದೆ ಎಂದು ದಿನವೂ ಚುಚ್ಚುತ್ತಿತ್ತು. ನಿಮ್ಮ ಕಾಗದ ನೋಡಿದ ಮೇಲೆ ಆ ಸಂಕಟ ಹೋಯಿತು. ನಿಜವಾದದ್ದು ಹೋಗಿದ್ದರೂ ನೀವು ಇಷ್ಟೇ ಬರೆಯುತ್ತಿದ್ದಿರಿ.

ಒಮ್ಮೆ ನಿಮ್ಮ ಜೊತೆ ಅವರನ್ನೇ ಕಳುಹಿಸಿದ್ದೆ. ಭಾನುವಾರ ಬೆಳಿಗ್ಗೆ, ಮಾವನ ಜೊತೆ ಹೋಗುತ್ತಾರಲ್ಲ ಎಂದು ಗೇಟಿನವರೆಗೂ ಬರದೆ ಮಲಗಿದ್ದೆ. ಪಕ್ಕದ ಬಂಡೆಯಲ್ಲಿದ್ದ ಜಗನ್ಮೋಹನ್‌ಗೆ ಅಲೆ ಎಳೆದುಕೊಂಡಾಗ ಅವರು ಕೂಗಿದ್ದು ಕೇಳಿಸಿತು. ಬೆನ್ನು ಹಾಕಿ ನಿಂತಿದ್ದ ನಿಮಗೆ ಕೇಳಿಸಲಿಲ್ಲ. ಅದು ನಿಮ್ಮ ತಪ್ಪಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಯ ಉರಿ ಆರುವುದಿಲ್ಲ. ನೀವು ಗಾಳ, ಬುಟ್ಟಿ, ಅವರ ಚಪ್ಪಲಿ ಎಲ್ಲವನ್ನೂ ಮನೆಗೆ ತಂದಿರಿ.

ಆಮೇಲೆ ಇನ್ನೂ ಸ್ವಲ್ಪ ದಿನ ಕಾಯೋಣ ಎಂದು ನಿಮ್ಮ ಕಾಲು ಹಿಡಿದೆ. ದೇಹ ಸಿಗದಿದ್ದರೆ ಶಾಸ್ತ್ರದಲ್ಲಿ ದಾರಿ ಇದೆ ಎಂದು ಭಟ್ಟರು ಹೇಳಿದರು, ನೀವು ತಲೆಯಾಡಿಸಿದಿರಿ. ದರ್ಭೆಯ ಹುಲ್ಲಿನಲ್ಲಿ ಒಂದು ಗೊಂಬೆ ಕಟ್ಟಿ, ಅದನ್ನು ನನ್ನ ಗಂಡ ಎಂದು ಹೇಳಿ, ನನ್ನ ಕಣ್ಣೆದುರಿಗೇ ಬೆಂಕಿ ಇಟ್ಟಿರಿ. ನನಗೆ ಹುಲ್ಲು ಸಾಕು ಎಂದು ನೀವು ತೀರ್ಮಾನಿಸಿದಿರಿ. ನಿಮಗೆ ಪೊಣಿಕಿ ಸಾಕು ಎಂದು ನಾನು ತೀರ್ಮಾನಿಸಿದೆ.

ನವರಾತ್ರಿಗೂ ಬರುವುದಿಲ್ಲ, ವರ್ಷಾಂತಿಕಕ್ಕೂ ಬರುವುದಿಲ್ಲ.

ಕೃಪಾ


ವಿಶಾಖಪಟ್ಟಣ
12 ನವೆಂಬರ್ 2023

ಮಗಳೇ ಕೃಪಾ,

ನಿನ್ನ ಕಾಗದವನ್ನು ಅತ್ತೆಗೆ ತೋರಿಸಿಲ್ಲ. ನೀನು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ, ಆದ್ದರಿಂದ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಅದು ಅವನ ಮೀನಲ್ಲ ಎಂದು ನನಗೆ ಡಬ್ಬಿ ಬಿಚ್ಚಿದ ಗಳಿಗೆಯಲ್ಲೇ ತಿಳಿಯಿತು.

ಪೃಥ್ವಿ ಪ್ರತಿಯೊಂದು ಮೀನನ್ನೂ ಬಣ್ಣ ಹಚ್ಚುವ ಮೊದಲು ನನ್ನ ಬಾಯಿಗೆ ಕೊಡುತ್ತಿದ್ದ. ಸ್ಕ್ರೂಡ್ರೈವರ್ ಕಚ್ಚುವ ಹಾಗೆ ಬಾಲವನ್ನು ಕಚ್ಚಿ ತಲೆ ಅಲ್ಲಾಡಿಸಬೇಕು. ಒಳಗಿನ ಗುಂಡು ಹಲ್ಲಿಗೆ ಬಡಿಯುತ್ತದೆ. “ಅಪ್ಪಾ, ಬಂತಾ?” ಎಂದು ಕೇಳುತ್ತಿದ್ದ. ನಾನು ಬಂತು ಎಂದರೆ ಮಾತ್ರ ಬಣ್ಣ. ಕಿವುಡನಿಗೆ ತಿಳಿಯಿತು ಎಂದರೆ ಸಮುದ್ರದ ಮೀನಿಗೂ ತಿಳಿಯುತ್ತದೆ ಎಂದು ನಗುತ್ತಿದ್ದ. ಇದು ನಮ್ಮಿಬ್ಬರ ಆಟ, ಶೆಡ್ಡಿನೊಳಗಿನದು. ನಿನಗೆ ಹೇಳಿರಲಿಕ್ಕಿಲ್ಲ.

ಆ ದಿನವೂ ಮೊದಲು ಅದನ್ನೇ ಮಾಡಿದೆ. ನೀನು ಕಳುಹಿಸಿದ್ದು ಬಾಯಿಯಲ್ಲಿ ಸುಮ್ಮನೆ ಕೂತಿತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಈ ಆಟವನ್ನು ಎಂದೋ ಕಂಡಿದ್ದಳೇನೋ. “ಬಂತಾ?” ಎಂದಳು. ನಾನು ಬಂತು ಎಂದೆ.

ನಿನಗೆ ಬರೆಯಬೇಕಿತ್ತು. ಏನೆಂದು ಬರೆಯಲಿ? ಕೊಡಲು ಮನಸ್ಸಿಲ್ಲದವಳನ್ನು ಎರಡು ಸಲ ಕೇಳಿದವನು ನಾನು. ಅವನ ಮೀನು ನಿನ್ನ ಚೀಲದಲ್ಲಿ ಸುರಕ್ಷಿತವಾಗಿದೆ ಎಂದು ತಿಳಿದಿದ್ದಕ್ಕೇ ಇದನ್ನು ಧೈರ್ಯವಾಗಿ ಉಕ್ಕಿಗೆ ಕೊಟ್ಟೆ. ಪೊಣಿಕಿ ಮೆತ್ತಗಿನ ಮರ, ಹಾಳಾಗುತ್ತದೆ ಎಂದು ನೋಡುತ್ತಲೇ ಇದ್ದೆ. ಹಾಳಾಯಿತು ಎಂದು ಬರೆದುಬಿಟ್ಟರೆ ಇನ್ನು ಯಾರೂ ನಿನ್ನಲ್ಲಿ ಅದನ್ನು ಕೇಳುವುದಿಲ್ಲ, ನಿನಗೆ ಬಿಡುಗಡೆ ಎಂದುಕೊಂಡೆ. ಬರೆದ ರೀತಿ ನಿನ್ನ ಕರುಳನ್ನು ಕುಯ್ಯುತ್ತದೆ ಎಂದು ಹೊಳೆಯಲಿಲ್ಲ. ಮಶೀನಿನ ಜೊತೆ ಬಾಳಿದವನಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು?

ಹುಲ್ಲಿನ ಗೊಂಬೆಯ ವಿಷಯ. ಅದು ಅವನಲ್ಲ ಎಂದು ನನಗೂ ಗೊತ್ತಿತ್ತು, ಕೃಪಾ. ಗೊತ್ತಿದ್ದೇ ಬೆಂಕಿ ಇಟ್ಟೆ. ನಿನ್ನ ಅತ್ತೆ ದಿನವೂ ಅವನ ತಟ್ಟೆಗೆ ಬಡಿಸಿ ಪಕ್ಕದಲ್ಲಿ ಕೂರುತ್ತಿದ್ದಳು, ಅನ್ನ ಒಣಗುವವರೆಗೂ ಏಳುತ್ತಿರಲಿಲ್ಲ. ನಿನ್ನ ಮಾತು ಕೇಳಿದ್ದರೆ ಆಕೆಯನ್ನು ಕಳೆದುಕೊಳ್ಳುತ್ತಿದ್ದೆ. ಕೇಳದೆ ನಿನ್ನನ್ನು ಕಳೆದುಕೊಂಡೆ.

ಆ ಬಂಡೆಯ ಮಾತು ಬರೆದಿದ್ದೀಯೆ. ಒಂದೇ ಹೇಳುತ್ತೇನೆ. ಅಲೆಯ ಪೆಟ್ಟು ಕಲ್ಲಿನಿಂದ ನನ್ನ ಕಾಲಿಗೆ ಬಂದಿತ್ತು, ಬೇರೆ ಎಲ್ಲ ಅಲೆಗಳೂ ಬಂದ ಹಾಗೆಯೇ. ಕೂಗು ಕಾಲಿಗೆ ಬರುವುದಿಲ್ಲ.

ಮಾಡಿದ ಮೀನುಗಳನ್ನು ಯಾರಿಗೂ ಕೊಟ್ಟಿಲ್ಲ. ಅವು ಪೊಣಿಕಿಯ ಮೀನಿನ ಮಕ್ಕಳು, ಪೃಥ್ವಿಯವಲ್ಲ. ಜಗನ್ಮೋಹನ್‌ಗೆ ಏನೋ ನೆಪ ಹೇಳಿದೆ. ಮಶೀನಿನ ಮೇಲೆ ಹಳೆಯ ಚಾದರ ಹೊದಿಸಿ ಶೆಡ್ಡಿಗೆ ಬೀಗ ಹಾಕಿದ್ದೇನೆ. ಅತ್ತೆ ಈಗಲೂ ಸ್ಟೂಲನ್ನು ಅಲ್ಲಿಯೇ ಬಿಟ್ಟಿದ್ದಾಳೆ, ಮೇಲೆ ತರಲು ಬಿಡುವುದಿಲ್ಲ.

ನೀನು ಬರದಿದ್ದರೂ ಪರವಾಗಿಲ್ಲ. ಅದು ಚೀಲದಲ್ಲಿ ಟಿಕ್ ಎನ್ನುತ್ತಿರಲಿ.

ನಿನ್ನ ಮಾವ,
ಉಮಾಶಂಕರ


ವಿಜಯವಾಡ
26 ನವೆಂಬರ್ 2023

ಮಾವ,

ಇವತ್ತು ರಜೆ. ಬೆಳಿಗ್ಗೆ ಎರಡು ಕಿವಿಗೂ ಹತ್ತಿ ತುಂಬಿಕೊಂಡು, ಅದರ ಮೇಲೆ ಅಂಗೈ ಒತ್ತಿ, ಅವರ ಮೀನಿನ ಬಾಲವನ್ನು ಹಲ್ಲಿನಲ್ಲಿ ಕಚ್ಚಿ ತಲೆ ಅಲ್ಲಾಡಿಸಿದೆ. ಎದುರು ಮನೆಯವರು ಕಿಟಕಿಯಿಂದ ನೋಡಿ ಏನೆಂದುಕೊಂಡರೋ.

ಬಂತು.

ಒಂದು ಸಲ ಬಂದ ಮೇಲೆ ನಿಲ್ಲಿಸಲು ಆಗಲಿಲ್ಲ. ಇಷ್ಟು ದಿನ ಕೇಳಿದ್ದು ಏನೂ ಅಲ್ಲ, ತಲೆಬುರುಡೆಯ ಒಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ನನ್ನ ಹತ್ತಿರ ಇದ್ದದ್ದು ಸದ್ದು ಮಾತ್ರ, ನಿಮ್ಮ ಹತ್ತಿರ ಇದು ಇತ್ತು ಎಂದು ತಿಳಿದು ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಎಷ್ಟು ಗಟ್ಟಿಯಾಗಿ ಅತ್ತೆನೋ, ಹತ್ತಿ ಇದ್ದದ್ದರಿಂದ ನನಗೆ ತಿಳಿಯಲಿಲ್ಲ.

ಇದನ್ನು ಕ್ಷಮೆ ಎಂದು ತಿಳಿಯಬೇಡಿ. ಹುಲ್ಲಿನ ಗೊಂಬೆಯನ್ನು ನಾನು ಮರೆಯಲಾರೆ, ಸಾಯುವವರೆಗೂ ಮರೆಯುವುದಿಲ್ಲ. ವರ್ಷಾಂತಿಕದ ದಿನ ಹೋಮದ ಹತ್ತಿರ ಕೂರಿಸಬೇಡಿ. ನಾನು ಅತ್ತೆಯ ಜೊತೆ ಶೆಡ್ಡಿನಲ್ಲಿ ಕೂರುತ್ತೇನೆ.

ಮೀನನ್ನು ಪೋಸ್ಟಿನಲ್ಲಿ ಕಳುಹಿಸುವುದಿಲ್ಲ, ನಾನೇ ತರುತ್ತೇನೆ. ಆ ಉಕ್ಕಿನ ಬೆರಳಿಗೆ ಕೊಡುವುದಿಲ್ಲ. ನೀವು ಒಮ್ಮೆ ಹಲ್ಲಿನಲ್ಲಿ ಹಿಡಿದು ನೋಡಿ ನನಗೆ ವಾಪಸು ಕೊಡಬೇಕು. ಅತ್ತೆ ಕೇಳಿದರೆ ಈ ಸಲ ಸುಳ್ಳು ಹೇಳುವ ಕೆಲಸವಿಲ್ಲ.

ಡಿಸೆಂಬರ್ ಹತ್ತನೆಯ ತಾರೀಖು, ಭಾನುವಾರ ಮಧ್ಯಾಹ್ನದ ರೈಲು. ಬೇಡ ಎಂದರೂ ನೀವು ಸ್ಟೇಷನ್ನಿಗೆ ಬರುತ್ತೀರಿ ಎಂದು ಗೊತ್ತು. ಬಂದರೆ ರೈಲಿನ ಕಡೆಗೆ ಮುಖ ಮಾಡಿ ನಿಲ್ಲಿ. ನಾನು ಕೂಗುವುದಿಲ್ಲ.

ಕೃಪಾ